ಸಂಜೆಗೆ ಟ್ಯಾಲಿ ಆಗದ ಲೆಕ್ಕ

ಮಕ್ಕಳೇ, ಸಂಜೆ ಗಂಟೆ ಹೊಡೆದ ಮೇಲೆ ನಿಮ್ಮ ಟೀಚರ್ ಏನು ಮಾಡುತ್ತಾರೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ನೀವು ಬ್ಯಾಗು ಹೆಗಲಿಗೇರಿಸಿ ಓಡಿಬಿಡುತ್ತೀರಿ. ಟೀಚರ್ ಬೋರ್ಡು ಒರೆಸಿ, ಕಿಟಕಿ ಮುಚ್ಚಿ, ಬಾಗಿಲಿಗೆ ಬೀಗ ಹಾಕಿ, ಬೀಗವನ್ನು ಒಮ್ಮೆ ಎಳೆದು ನೋಡಿ ಹೊರಡುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು ಎಂದೇ ಬಹಳ ಜನ ತಿಳಿದಿದ್ದಾರೆ. ಮುಗಿಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಏಕೆಂದರೆ 35 ವರ್ಷ ಅಂಥ ಒಬ್ಬ ಟೀಚರ್ ದಿನಾ ಸಂಜೆ ನಮ್ಮ ಮನೆಗೇ ಬರುತ್ತಿದ್ದರು. ಅವರು ನನ್ನ ಹೆಂಡತಿ.

ನಾನು ತಿಪಟೂರಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದವನು. ಬಿ.ಕಾಂ. ಓದಿ, ಕೌಂಟರಿನ ಹಿಂದೆ ಕೂತು, ಕೊಬ್ಬರಿ ವ್ಯಾಪಾರಿಗಳ ನೋಟು ಎಣಿಸುತ್ತಾ ತಲೆ ಬೆಳ್ಳಗಾಯಿತು. ನನ್ನ ಹೆಂಡತಿ 1980ರಿಂದ 2015ರವರೆಗೆ ತಾಲ್ಲೂಕಿನ ಹಳ್ಳಿಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವಳು. ಬೆಳಿಗ್ಗೆ ನಾನು ಸೈಕಲ್ಲಿನಲ್ಲಿ ಬ್ಯಾಂಕಿಗೆ, ಅವಳು ಬಸ್ಸಿನಲ್ಲಿ ಹಳ್ಳಿಗೆ. ಬಸ್ಸು ಇಳಿದ ಮೇಲೆ ತೋಟದ ಸಾಲಿನಲ್ಲಿ ಇನ್ನೊಂದು ಮೈಲಿ ನಡಿಗೆ.

ಬ್ಯಾಂಕಿನ ಕೆಲಸದಲ್ಲಿ ಒಂದು ಸುಖವಿದೆ. ಸಂಜೆ ಲೆಕ್ಕ ತಾಳೆಯಾಗಲೇಬೇಕು. ನಾವು ಅದಕ್ಕೆ ಟ್ಯಾಲಿ ಎನ್ನುತ್ತಿದ್ದೆವು. ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಯಾರೂ ಮನೆಗೆ ಹೋಗುವಂತಿಲ್ಲ. ಮಕ್ಕಳಿಗೆ ಗುಮಾಸ್ತರ ಒಂದು ಗುಟ್ಟು ಹೇಳುತ್ತೇನೆ. ಲೆಕ್ಕದಲ್ಲಿ ಬಂದ ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾದರೆ, ಯಾರೋ ಎರಡು ಅಂಕಿಗಳನ್ನು ಅದಲುಬದಲು ಬರೆದಿರಬಹುದು ಎಂದು ಮೊದಲು ಹುಡುಕುತ್ತಿದ್ದೆವು. 54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9. 81ರ ಬದಲು 18 ಬರೆದರೆ 63. ಬೇಕಾದರೆ ನೀವೇ ಯಾವುದಾದರೂ ಸಂಖ್ಯೆ ತಿರುಗಿಸಿ ಕಳೆದು ನೋಡಿ. ತಪ್ಪು ಸಿಕ್ಕಿತು, ತಿದ್ದಿತು, ಟ್ಯಾಲಿ ಆಯಿತು, ಮನೆಗೆ ಹೊರಟೆವು. ಆ ದಿನದ ಭಾರ ಆ ದಿನಕ್ಕೆ ಮುಗಿಯಿತು.

ನನ್ನ ಹೆಂಡತಿಗೆ ಆ ಸುಖ ಇರಲಿಲ್ಲ. ಇವತ್ತು ಹೇಳಿದ ಪಾಠ ಯಾವ ಮಗುವಿನ ತಲೆಗೆ ಹೋಯಿತು, ಯಾವುದಕ್ಕೆ ಹೋಗಲಿಲ್ಲ ಎಂದು ಸಂಜೆ ಯಾವ ಲೆಡ್ಜರಿನಲ್ಲಿ ನೋಡುವುದು? ಊಟಕ್ಕೆ ಕೂತಾಗಲೂ ಅವಳ ಮನಸ್ಸು ಮೂರನೇ ಬೆಂಚಿನ ಮೇಲೇ ಇರುತ್ತಿತ್ತು.

ಒಂದನೇ ತರಗತಿಗೆ ಓದಲು ಕಲಿಸುವುದು ಸುಲಭ ಎನ್ನುವವರು ಒಮ್ಮೆ ಕಲಿಸಿ ನೋಡಬೇಕು. ನಾವೆಲ್ಲ ಅ ಆ ಇ ಈ ಎಂದು ಸಾಲಾಗಿ ಕಲಿತವರು. ನಲಿ-ಕಲಿ ಪದ್ಧತಿಯಲ್ಲಿ ಹಾಗಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ನಾಡಿಗೆಲ್ಲ ಹಬ್ಬಿದ ಪದ್ಧತಿ ಅದು. ಅದರಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಏಕೆ ಗೊತ್ತೇ? ಈ ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ, ದಸರ, ಗರಗಸ ಎಲ್ಲವನ್ನೂ ಮಗು ಓದಬಹುದು. ಐವತ್ತು ಅಕ್ಷರ ಮುಗಿಯುವ ತನಕ ಕಾಯಬೇಕಿಲ್ಲ. ತಾನೇ ಒಂದು ಪದ ಓದಿದೆ ಎಂಬ ಹಿಗ್ಗು ಬೇಗ ಸಿಗುತ್ತದೆ. "ರೀ, ಇವತ್ತು ಒಬ್ಬ ಗರಗಸ ಓದಿಬಿಟ್ಟ" ಎಂದು ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿದ್ದುಂಟು. ನಮ್ಮ ಬ್ಯಾಂಕಿನಲ್ಲಿ ಕೋಟಿ ರೂಪಾಯಿ ಠೇವಣಿ ಬಂದ ದಿನವೂ ನಾನು ಅಷ್ಟು ಖುಷಿಯಾಗಿ ಮನೆಗೆ ಬಂದದ್ದಿಲ್ಲ.

ಅವಳು ನೋಟ್‌ಬುಕ್ ತಿದ್ದುವುದನ್ನು ನೋಡುವುದೂ ಒಂದು ಪಾಠವೇ. ಒಂದು ರಾತ್ರಿ 52ರಲ್ಲಿ 27 ಕಳೆದರೆ 35 ಎಂದು ಒಬ್ಬ ಹುಡುಗಿ ಬರೆದಿದ್ದಳು. ಅದರ ಕೆಳಗಿನ ಲೆಕ್ಕವೂ ತಪ್ಪು, ಅದರ ಕೆಳಗಿನದೂ ತಪ್ಪು. ಕೆಂಪು ಶಾಯಿಯಲ್ಲಿ ಗೀಟು ಎಳೆದು ಮುಗಿಸಬಹುದಿತ್ತು. ಅವಳು ಎಳೆಯಲಿಲ್ಲ. "ನೋಡಿ, ಇವಳು ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದು ಕಳೀತಿದಾಳೆ. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ದಡ್ಡಿ ಅಲ್ಲ, ಅವಳ ಲೆಕ್ಕದಲ್ಲೂ ಒಂದು ಕ್ರಮ ಇದೆ" ಎಂದಳು. ಮಾರನೇ ದಿನ ನಮ್ಮ ಮನೆಯ ತೆಂಗಿನ ಕಡ್ಡಿ ಪೊರಕೆ ಅರ್ಧವಾಯಿತು. ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದು, ಹತ್ತು ಹತ್ತರ ಕಟ್ಟು ಕಟ್ಟಿ ಶಾಲೆಗೆ ಒಯ್ದಳು. ಐದು ಕಟ್ಟು, ಎರಡು ಬಿಡಿ ಕಡ್ಡಿ. ಅದರಲ್ಲಿ ಏಳು ಬಿಡಿ ಕಡ್ಡಿ ಕೊಡು ಎಂದರೆ ಹುಡುಗಿ ಏನು ಮಾಡಬೇಕು? ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದ ಕೂಡಲೇ ಅವಳಿಗೆ ಗೊತ್ತಾಯಿತಂತೆ. ನಾವು ಬ್ಯಾಂಕಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದೆವು. ಟೀಚರಾದವರು ತಪ್ಪು ಏಕೆ ಆಯಿತು ಎಂದು ಹುಡುಕುತ್ತಾರೆ.

ಪಾಠವೊಂದೇ ಆಗಿದ್ದರೆ ಸರಿ. ಜೊತೆಗೆ ಬೇರೆ ಕೆಲಸಗಳ ಸಾಲೇ ಇತ್ತು. ಶಾಲೆಯಲ್ಲಿ ಬಿಸಿಯೂಟ ಬಂದ ಮೇಲೆ ಅಕ್ಕಿ, ಬೇಳೆ, ಎಣ್ಣೆ, ಗ್ಯಾಸ್ ಸಿಲಿಂಡರಿನ ಲೆಕ್ಕ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂದಾಗ ಹಾಲಿನ ಪುಡಿಯ ಲೆಕ್ಕ. ಮಗುವಿಗೆ 18 ಗ್ರಾಂ ಪುಡಿ, 150 ಮಿಲಿಲೀಟರ್ ಹಾಲು. 40 ಮಕ್ಕಳು ಬಂದರೆ 720 ಗ್ರಾಂ. ಆ ರಿಜಿಸ್ಟರನ್ನು ರಾತ್ರಿ ನಾನು ಕೂಡಿಕೊಡುತ್ತಿದ್ದೆ. "ನಿಮ್ಮ ಬಿ.ಕಾಂ. ಕೊನೆಗೂ ಉಪಯೋಗಕ್ಕೆ ಬಂತು" ಎಂದು ನಗುತ್ತಿದ್ದಳು. ಆದರೆ ಊಟದ ಬಗ್ಗೆ ಗೊಣಗಿದ್ದನ್ನು ನಾನು ಕೇಳಲಿಲ್ಲ. ಹಸಿದ ಮಗು ಮಗ್ಗಿ ಕೇಳಿಸಿಕೊಳ್ಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇನ್ನು ಚುನಾವಣೆಯ ಕೆಲಸ, ಜನಗಣತಿ. 2011ರ ಗಣತಿ ನಡೆದದ್ದು ಫೆಬ್ರವರಿಯಲ್ಲಿ, ಪರೀಕ್ಷೆ ಹತ್ತಿರವಾದಾಗಲೇ. ಮನೆ ಮನೆ ಸುತ್ತಿ ಬಂದು, ಕಾಲಿಗೆ ಬಿಸಿನೀರು ಹಾಕಿಕೊಂಡು, ಮತ್ತೆ ನೋಟ್‌ಬುಕ್ ಹಿಡಿದು ಕೂರುತ್ತಿದ್ದಳು.

ಆದರೆ ಇದಾವುದೂ ಅವಳ ನಿದ್ದೆ ಕೆಡಿಸಲಿಲ್ಲ. ನಿದ್ದೆ ಕೆಡಿಸುತ್ತಿದ್ದದ್ದು ಖಾಲಿ ಜಾಗ. ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರು.

1986ರ ಸುಮಾರಿನಲ್ಲಿ ಐದನೇ ತರಗತಿಯ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ಶಾಲೆ ಬಿಟ್ಟಳು. ಹೆಸರು ಬೇಡ, ಈಗ ಆಕೆಗೇ ಮೊಮ್ಮಕ್ಕಳಾಗುವ ವಯಸ್ಸು. ಮನೆಗೆ ಹೋಗಿ ನೋಡಿದರೆ ಸೊಂಟದ ಮೇಲೆ ಒಂದು ವರ್ಷದ ತಮ್ಮ. ತಾಯಿ ಕೂಲಿಗೆ ಹೊರಟಿದ್ದಳು. "ನಾನು ಕೂಲಿಗೋದ್ರೆ ಮಗೀನ ಯಾರು ನೋಡ್ಕಂತಾರೆ ಟೀಚರಮ್ಮ?" ಎಂದಳಂತೆ. ಆ ಮಾತಿಗೆ ಉತ್ತರವಿಲ್ಲ. ಕೂಲಿ ಬಿಡು ಎನ್ನಲು ಯಾರಿಗೆ ಬಾಯಿ ಬರುತ್ತದೆ? ನನ್ನ ಹೆಂಡತಿ ಸ್ವಲ್ಪ ಹೊತ್ತು ಅಲ್ಲೇ ನಿಂತು, "ಹಂಗಾದ್ರೆ ಮಗೀನೂ ಕರ್ಕಂಡೇ ಬರ್ಲಿ ಬಿಡವ್ವ" ಎಂದು ಹೇಳಿ ಬಂದಳು.

ಮಾರನೇ ದಿನದಿಂದ ಐದನೇ ತರಗತಿಯ ಮೂಲೆಯಲ್ಲಿ ಒಂದು ಹಳೆ ಸೀರೆ ಹಾಸಿತು. ಅದು ನಮ್ಮ ಮನೆಯ ಸೀರೆ. ಕೂಸು ಮಲಗಿದರೆ ಪಾಠ, ಎದ್ದರೆ ಅಕ್ಕನ ತೊಡೆಯ ಮೇಲೆ ಪಾಠ. ಹೆಡ್‌ಮಾಸ್ತರರಿಗೆ ಪುಕಪುಕ. "ಇನ್‌ಸ್ಪೆಕ್ಟರ್ ಬಂದರೆ ಏನು ಹೇಳ್ತೀರಮ್ಮ?" ಎನ್ನುತ್ತಿದ್ದರು. ಒಂದು ದಿನ ಇನ್‌ಸ್ಪೆಕ್ಟರು ಬಂದೇ ಬಂದರು. ಕೂಸನ್ನು ನೋಡಿ, "ಇದು ಯಾವ ಕ್ಲಾಸಮ್ಮ?" ಎಂದರು.

"ಇನ್ನೂ ಅಡ್ಮಿಷನ್ ಆಗಿಲ್ಲ ಸಾರ್. ಅಕ್ಕ ಐದನೇ ಕ್ಲಾಸು. ಇವನು ಬರದಿದ್ರೆ ಅವಳೂ ಬರೋದಿಲ್ಲ."

ಅವರು ಮಾತಾಡಲಿಲ್ಲ. ಹುಡುಗಿಗೆ ಏಳರ ಮಗ್ಗಿ ಹೇಳು ಎಂದರು. ಅವಳು ತಮ್ಮನ ಬೆನ್ನು ತಟ್ಟುತ್ತಲೇ ಹೇಳಿ ಮುಗಿಸಿದಳು. ಭೇಟಿ ಪುಸ್ತಕಕ್ಕೆ ಸಹಿ ಹಾಕಿ ಹೊರಟುಹೋದರು. ಕೂಸಿನ ವಿಷಯ ಬರೆಯಲಿಲ್ಲ. ಹುಡುಗಿ ಏಳನೇ ತರಗತಿ ಮುಗಿಸಿದಳು. ಹೈಸ್ಕೂಲು ದೂರ, ಮನೆಯವರು ಕಳಿಸಲಿಲ್ಲ.

ಅದೇ ಕಾಲದಲ್ಲಿ ಆರನೇ ತರಗತಿಯ ಒಬ್ಬ ಹುಡುಗನೂ ಇದ್ದ. ಚಿತ್ರ ಚೆನ್ನಾಗಿ ಬರೆಯುತ್ತಿದ್ದನಂತೆ. ದಸರಾ ರಜೆ ಮುಗಿದರೂ ಬರಲಿಲ್ಲ. ಮೂರು ಸಲ ಮನೆಗೆ ಹೋದಳು. ಮೂರು ಸಲವೂ ಬೀಗ. ಬೆಂಗಳೂರಿನ ಹೋಟೆಲಿಗೆ ಸೇರಿಸಿದ್ದಾರೆ ಎಂದು ಪಕ್ಕದ ಮನೆಯವರು ಹೇಳಿದರು. ಯಾವ ಹೋಟೆಲು, ಯಾವ ಬೀದಿ, ಯಾರಿಗೂ ತಿಳಿಯದು. ಹೊಸ ಹಾಜರಿ ಪುಸ್ತಕಕ್ಕೆ ಹೆಸರುಗಳನ್ನು ಬರೆದುಕೊಳ್ಳುವಾಗ ಆ ಹೆಸರಿಗೆ ಬಂದು ಪೆನ್ನು ನಿಲ್ಲಿಸಿ ಕೂತಿದ್ದನ್ನು ನಾನು ಕಂಡಿದ್ದೇನೆ.

ಇದಾಗಿ ಹದಿನೈದು ವರ್ಷಕ್ಕೂ ಮೇಲಾಗಿರಬೇಕು. ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿ ಹುಟ್ಟುತ್ತಿದ್ದ ಕಾಲ. ಒಂದು ಮಧ್ಯಾಹ್ನ ಹತ್ತು ಹನ್ನೆರಡು ಹೆಂಗಸರು ಸಂಘದ ಖಾತೆ ತೆರೆಯಲು ನನ್ನ ಕೌಂಟರಿಗೆ ಬಂದರು. ಹಳ್ಳಿಯ ಹೆಂಗಸರು ಬಂದರೆ ಸ್ಟಾಂಪ್ ಪ್ಯಾಡ್ ಮುಂದೆ ತಳ್ಳುವುದು ಆಗಿನ ವಾಡಿಕೆ. ಬಹಳ ಜನ ಹೆಬ್ಬೆಟ್ಟಿನವರೇ. ಮುಂದೆ ನಿಂತಿದ್ದವಳು, "ಪ್ಯಾಡ್ ಬೇಡಿ ಸಾರ್, ಪೆನ್ ಕೊಡಿ" ಎಂದಳು. ನಿಧಾನವಾಗಿ, ದುಂಡಾಗಿ ಸಹಿ ಮಾಡಿದಳು. ಸಂಘದ ಪುಸ್ತಕ ಬರೆಯುವವಳೂ ಅವಳೇ. ಉಳಿತಾಯ, ಸಾಲ, ಬಡ್ಡಿ, ಬಾಕಿ ಎಲ್ಲ ಬೇರೆ ಬೇರೆ ಕಲಮು. ಗುಮಾಸ್ತನ ಕಣ್ಣು ಸುಮ್ಮನಿರುತ್ತದೆಯೇ? ಪುಟ ತಿರುವಿ ಕೂಡಿ ನೋಡಿದೆ. ಟ್ಯಾಲಿ ಆಯಿತು.

"ನಮ್ಮ ಮಿಸ್ಸು ಚೆನ್ನಾಗಿದಾರಾ ಸಾರ್?" ಎಂದಾಗಲೇ ನನಗೆ ಅವಳು ಯಾರೆಂದು ತಿಳಿದದ್ದು. ತಮ್ಮನ ವಿಷಯ ಕೇಳಿದೆ. ಪಿ.ಯು.ಸಿ. ಓದುತ್ತಿದ್ದಾನೆ ಎಂದಳು. "ಅವನು ಎಲ್ರಿಗಿಂತ ಮೊದ್ಲೇ ಸ್ಕೂಲಿಗೆ ಸೇರ್ದೋನಲ್ವಾ ಸಾರ್" ಎಂದು ನಕ್ಕಳು.

ಮನೆಗೆ ಬಂದು ಹೇಳಿದೆ. ನನ್ನ ಹೆಂಡತಿ ಒಲೆಯ ಮುಂದೆ ನಿಂತಿದ್ದಳು. ಎಲ್ಲವನ್ನೂ ಎರಡೆರಡು ಸಲ ಕೇಳಿಸಿಕೊಂಡಳು. ಸಹಿ ಹೇಗಿತ್ತು, ಅಕ್ಷರ ದುಂಡಗಿತ್ತಾ, ಕೂಡುವಾಗ ಬೆರಳು ಎಣಿಸಿದಳಾ ಎಂದೆಲ್ಲ ವಿಚಾರಿಸಿದಳು. ಮುಖ ಅರಳಿತ್ತು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಆ ಚಿತ್ರ ಬರೀತಿದ್ದ ಹುಡುಗ ಯಾವತ್ತಾದರೂ ನಿಮ್ಮ ಬ್ಯಾಂಕಿಗೆ ಬಂದಿದ್ನಾ?" ಎಂದು ಕೇಳಿದಳು.

ಇಲ್ಲ ಎಂದೆ. ಸಾರಿಗೆ ಒಗ್ಗರಣೆ ಹಾಕಿದಳು.

ಟೀಚರ್ ಕೆಲಸದ ಕಷ್ಟ ಯಾವುದು, ಸುಖ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಸಂಜೆ. ಎರಡೂ ಒಂದೇ ಲೆಕ್ಕದ ಎರಡು ಕಲಮು. ಬಂದ ಮಗುವಿನ ಸಂತೋಷ, ಬಾರದ ಮಗುವಿನ ಚಿಂತೆ. ಒಂದನ್ನು ಇನ್ನೊಂದರಿಂದ ಕಳೆಯಲು ಆಗುವುದಿಲ್ಲ. ಆ ಹುಡುಗಿಯ ಸಹಿಯನ್ನು ನೋಡುವ ಭಾಗ್ಯ ಸಿಕ್ಕಿದ್ದು ನನಗೆ, ಕಲಿಸಿದವಳಿಗಲ್ಲ. ಎಷ್ಟೋ ಟೀಚರುಗಳಿಗೆ ತಾವು ಬಿತ್ತಿದ್ದು ಎಲ್ಲಿ ಬೆಳೆಯಿತೆಂದು ತಿಳಿಯುವುದೇ ಇಲ್ಲ.

ಸೆಪ್ಟೆಂಬರ್ 5ರಂದು ನಾವು ಡಾ. ರಾಧಾಕೃಷ್ಣನ್ ಅವರ ಹುಟ್ಟುಹಬ್ಬವನ್ನು ಶಿಕ್ಷಕರ ದಿನವಾಗಿ ಆಚರಿಸುತ್ತೇವೆ. ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಅವರನ್ನು ಕೂರಿಸಿ, ಕುದುರೆ ಕಟ್ಟದೆ ತಾವೇ ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದರೆಂಬುದು ಹೆಸರಾದ ಸಂಗತಿ. ಹಳ್ಳಿ ಶಾಲೆಯ ಟೀಚರಿಗೆ ಸಾರೋಟು ಬರುವುದಿಲ್ಲ. ನನ್ನ ಹೆಂಡತಿ ನಿವೃತ್ತಿಯಾದ ದಿನ ಒಂದು ಶಾಲು, ಒಂದು ಹಾರ, ಚೀಲದ ತುಂಬ ತೆಂಗಿನಕಾಯಿ ಹೊತ್ತು ಎಂದಿನ ಬಸ್ಸಿನಲ್ಲೇ ಬಂದಳು. ಕಂಡಕ್ಟರು ಟಿಕೆಟ್ ದುಡ್ಡು ತೆಗೆದುಕೊಳ್ಳಲಿಲ್ಲ. ತನ್ನ ಜೇಬಿನಿಂದ ಹಾಕಿದನಂತೆ. ಅವನೂ ಅವಳ ಹತ್ತಿರ ಕಲಿತವನೇ.

ಅಜ್ಜ ಅಜ್ಜಿಯರೇ, ಮೊಮ್ಮಗು ಶಾಲೆಯಿಂದ ಬಂದಾಗ ಎಷ್ಟು ಮಾರ್ಕ್ಸು ಎಂದು ಕೇಳುವ ಮೊದಲು, ಈ ಲೆಕ್ಕ ಹೇಗೆ ಮಾಡಿದೆ ಪುಟ್ಟಾ, ಹೇಳಿಕೊಡು ಎಂದು ಕೇಳಿ. ತಪ್ಪಾಗಿದ್ದರೂ ಪೂರ್ತಿ ಕೇಳಿ. ಟೀಚರ ಅರ್ಧ ಭಾರ ನೀವೇ ಇಳಿಸಿದಂತೆ. ಮಕ್ಕಳೇ, ನಿಮ್ಮ ಪಕ್ಕದಲ್ಲಿ ಕೂರುವ ಗೆಳೆಯ ನಾಲ್ಕು ದಿನ ಬರದಿದ್ದರೆ ಟೀಚರಿಗೆ ಹೇಳಿ. ಅವನ ಮನೆ ದಾರಿ ನಿಮಗೆ ಗೊತ್ತಿರುತ್ತದೆ. ಮುಂದಿನ ತರಗತಿಗೆ ಹೋದ ಮೇಲೆ ಒಂದು ದಿನ ಹಳೆಯ ಕೋಣೆಗೆ ಇಣುಕಿ, ಮಿಸ್, ನೀವು ಕಲಿಸಿದ್ದು ನೆನಪಿದೆ ಅಂದರೂ ಸಾಕು. ಇನ್ನು ನನ್ನ ವಯಸ್ಸಿನವರು. ನಮಗೆ ಕಲಿಸಿದ ಮೇಷ್ಟ್ರುಗಳಲ್ಲಿ ಹೆಚ್ಚಿನವರು ಈಗ ಇಲ್ಲ. ಅವರ ಹೆಸರನ್ನಾದರೂ ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಹೇಳೋಣ.