ನಮ್ಮ ಮಾತ್ರೆ ನಿಮಗಲ್ಲ

ಗೋವೆಯ ಸಾವರ್ಡೆ ನಿಲ್ದಾಣದಲ್ಲಿ ರೈಲಿನಿಂದ ಇಳಿದರೆ ಕನ್ನಡ ಕಿವಿಗೆ ಬೀಳದೆ ಇರುವುದಿಲ್ಲ. ಹಾವೇರಿ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೂ ಅದಿರಿನ ಲಾರಿಗಳಿಗೂ ಬಂದವರು ಅಲ್ಲಿ ನೆಲೆಸಿದ್ದಾರೆ. 2012ರಲ್ಲಿ, ಮತ್ತೆ 2018ರಲ್ಲಿ ಗಣಿಗಳು ನಿಂತಾಗ ಕೆಲವರು ಊರಿಗೆ ಮರಳಿದರು, ಕೆಲವರು ಬೇರೆ ಕೂಲಿ ಹುಡುಕಿಕೊಂಡು ಅಲ್ಲೇ ಉಳಿದರು. ಅವರಲ್ಲಿನ ಕೆಲವು ಕ್ರೈಸ್ತ ಕುಟುಂಬಗಳಿಗೆ ಆಗಾಗ ಕನ್ನಡದಲ್ಲಿ ಬಲಿಪೂಜೆ ಅರ್ಪಿಸಲು ನಾವು ಹುಬ್ಬಳ್ಳಿಯಿಂದ ಹೋಗಿಬರುತ್ತಿದ್ದೆವು. ಬಸ್ಸಿದ್ದರೂ ರೈಲನ್ನೇ ಏಕೆ ಹಿಡಿಯುತ್ತೀರಿ ಎಂದು ಅನೇಕರು ಕೇಳಿದ್ದುಂಟು. ದೂಧಸಾಗರ ನೋಡಲು ಎಂದು ನಕ್ಕು ಸುಮ್ಮನಾಗುತ್ತಿದ್ದೆವು. ನಿಜವಾದ ಕಾರಣ ಬೇರೆ: ರೈಲಿನಲ್ಲಿ ಶೌಚಾಲಯವಿದೆ.

ಪ್ರಿಯ ಓದುಗರೇ, ನಮಗೆ ಹನ್ನೊಂದು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆಯಿದೆ. ದೊಡ್ಡಕರುಳಿನ ಒಳಪೊರೆ ಊದಿಕೊಂಡು ಹುಣ್ಣಾಗುತ್ತದೆ. ಮಲದಲ್ಲಿ ರಕ್ತ ಮತ್ತು ಲೋಳೆ, ಹೊಟ್ಟೆ ನುಲಿತ, ತಡೆಯಲಾಗದ ಅವಸರ ಇವು ಅದರ ಲಕ್ಷಣಗಳು. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಕರುಳಿನ ಮೇಲೆ ತಿರುಗಿಬೀಳುವುದರಿಂದ ಹೀಗಾಗುತ್ತದೆ ಎನ್ನುತ್ತಾರೆ ವೈದ್ಯರು. ಇದು ಅಂಟುರೋಗವಲ್ಲ, ಪಾಪದ ಫಲವೂ ಅಲ್ಲ. ತಿಂಗಳುಗಟ್ಟಲೆ ಶಾಂತವಾಗಿದ್ದು ಒಮ್ಮೆಲೇ ಕೆರಳುವುದು ಇದರ ಸ್ವಭಾವ.

ಆರಂಭದಲ್ಲಿ ನಾವು ಇದನ್ನು ಮೂಲವ್ಯಾಧಿ ಎಂದೇ ತಿಳಿದು ಎಂಟು ತಿಂಗಳು ಮುಲಾಮು ಹಚ್ಚಿಕೊಂಡು ಮುಚ್ಚಿಟ್ಟೆವು. ಗುರುಮಠದಲ್ಲಿ ತತ್ವಶಾಸ್ತ್ರ ಕಲಿತೆವು, ದೈವಶಾಸ್ತ್ರ ಕಲಿತೆವು. ಆದರೆ ಇಂಥ ಮಾತನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳುವುದನ್ನು ಮಾತ್ರ ಕಲಿಯಲಿಲ್ಲ. ಕಡೆಗೆ ಕೊಲೊನೊಸ್ಕೋಪಿ ಮಾಡಿಸಿದಾಗಲೇ ರೋಗದ ಹೆಸರು ತಿಳಿಯಿತು. ಪ್ರತಿದಿನ ಮೆಸಲಮಿನ್ ಮಾತ್ರೆ ಶುರುವಾಯಿತು.

ಮೂರನೆಯ ವರ್ಷ ಒಂದು ತಪ್ಪು ಮಾಡಿದೆವು. ಆರು ತಿಂಗಳಿಂದ ಯಾವ ತೊಂದರೆಯೂ ಇರಲಿಲ್ಲ. ಗುಣವಾಯಿತೆಂದು ನಾವಾಗಿಯೇ ಮಾತ್ರೆ ಬಿಟ್ಟೆವು. ತಪಸ್ಸುಕಾಲ ಬಂತು, ಕಟ್ಟುನಿಟ್ಟಾಗಿ ಉಪವಾಸ ಹಿಡಿದೆವು. ಸೊಂಟನೋವಿಗೆ ಔಷಧ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದೆವು. ಗರಿಗಳ ಭಾನುವಾರ ದೀರ್ಘ ಶುಭಸಂದೇಶ ವಾಚನದ ನಡುವೆ ಬಲಿಪೀಠ ಬಿಟ್ಟು ಓಡಬೇಕಾಯಿತು. ಮರಳಿ ಬಂದಾಗ ಇಡೀ ಸಭೆ ಮೌನವಾಗಿತ್ತು. ಅಂದು ಹತ್ತು ಬಾರಿ ರಕ್ತ ಹೋಯಿತು, ಜ್ವರವೂ ಬಂತು. ಪವಿತ್ರ ವಾರವನ್ನು ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಕಳೆದೆವು.

ಅಲ್ಲಿ ಕಲಿತದ್ದನ್ನು ಹೇಳಲೇಬೇಕು. ಆರಾಮವಾಗಿದ್ದಾಗಲೂ ಮಾತ್ರೆ ಬಿಡಬಾರದು. ಆ ಆರಾಮ ಮಾತ್ರೆಯಿಂದಲೇ ಬಂದದ್ದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಕರುಳನ್ನು ಕೆರಳಿಸಬಹುದು. ನೋವಿಗೆ ಏನು ನುಂಗಬೇಕೆಂದು ವೈದ್ಯರನ್ನೇ ಕೇಳಬೇಕು. ಕಾಯಿಲೆ ಕೆರಳಿದ ದಿನಗಳಲ್ಲಿ ಮೆತ್ತಗಿನ ಅನ್ನ, ಗಂಜಿ, ಬಾಳೆಹಣ್ಣು ಮತ್ತು ಸಾಕಷ್ಟು ನೀರು, ಓಆರ್‌ಎಸ್. ಖಾರ, ಹಸಿ ತರಕಾರಿ, ಸಿಪ್ಪೆಕಾಳು ಸ್ವಲ್ಪ ದಿನ ದೂರ. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ರಕ್ತಭೇದಿಯಾಗಿ, ಜೊತೆಗೆ ಜ್ವರ ಅಥವಾ ಎದೆಬಡಿತ ಇದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ಆಗ ತಾವಾಗಿ ನುಂಗುವುದು ಅಪಾಯ. ಸ್ಟೆರಾಯ್ಡ್ ಕೊಟ್ಟರೆ ವೈದ್ಯರು ಹೇಳಿದಂತೆ ವಾರವಾರ ಇಳಿಸುತ್ತ ಬರಬೇಕು, ಥಟ್ಟನೆ ನಿಲ್ಲಿಸಬಾರದು. ರೋಗ ಹಳೆಯದಾದಂತೆ ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚುವುದರಿಂದ ಸುಮಾರು ಎಂಟು ವರ್ಷಗಳ ನಂತರ ಕಾಲಕಾಲಕ್ಕೆ ಕೊಲೊನೊಸ್ಕೋಪಿ ಬೇಕು.

ಉಪವಾಸದ ಕುರಿತೂ ಒಂದು ಮಾತು. ಧರ್ಮಸಭೆಯ ಕಟ್ಟಳೆ 18 ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ ಅನ್ವಯಿಸುತ್ತದೆ, ಆದರೆ ರೋಗಿಗಳಿಗೆ ವಿನಾಯಿತಿ ಇದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವೂ ರೋಗಿಗಳನ್ನಾಗಲಿ ಅವರನ್ನು ನೋಡಿಕೊಳ್ಳುವವರನ್ನಾಗಲಿ ಕಟ್ಟಿಹಾಕುವುದಿಲ್ಲ. ಇದನ್ನು ಎಷ್ಟೋ ಜನರಿಗೆ ಬೋಧಿಸಿದ ನಾವೇ ನಮಗೆ ಅನ್ವಯಿಸಿಕೊಂಡಿರಲಿಲ್ಲ. ಅದು ಭಕ್ತಿಯಲ್ಲ, ಹಮ್ಮು.

ಈಗ ಸಾವರ್ಡೆಯ ಘಟನೆ. ಒಂದು ಸಂಜೆ ಬಲಿಪೂಜೆ ಮುಗಿದ ಮೇಲೆ ಗಾರೆ ಕೆಲಸದ ಒಬ್ಬ ತಾಯಿ ಗಂಡನೊಂದಿಗೆ ಕಾದು ನಿಂತಿದ್ದರು. "ಫಾದರ್, ಹೊಟ್ಟಿ ಮ್ಯಾಲೆ ಕೈಯಿಟ್ಟು ಪ್ರಾರ್ಥನಾ ಮಾಡ್ರಿ" ಎಂದರು. ಕೇಳುತ್ತ ಹೋದಂತೆ ಒಂದೊಂದಾಗಿ ಹೊರಬಂತು: ನಾಲ್ಕು ತಿಂಗಳಿಂದ ಹೊಟ್ಟೆನೋವು, ಆಗಾಗ ಭೇದಿ, ಕೆಲವೊಮ್ಮೆ ರಕ್ತ, ಮೈ ಇಳಿದುಹೋಗಿದೆ. ಗಂಡಸು ಡಾಕ್ಟರ ಮುಂದೆ ಹೇಳಲು ನಾಚಿಕೆ. ನಮಗೆ ಕರುಳು ಚುರುಕ್ಕೆಂದಿತು. ನಮ್ಮದೇ ಕಥೆ ಎನಿಸಿತು. ಪ್ರಾರ್ಥಿಸಿದೆವು, ಬಳಿಕ ನಮ್ಮ ಕಾಯಿಲೆಯ ವಿಷಯವನ್ನು ಮೊದಲ ಸಲ ಒಬ್ಬ ಭಕ್ತರ ಮುಂದೆ ಹೇಳಿದೆವು. ಆ ಉತ್ಸಾಹದಲ್ಲೇ ಚೀಲ ತೆರೆದು, ತುರ್ತಿಗೆಂದು ಇಟ್ಟುಕೊಂಡಿದ್ದ ಸ್ಟೆರಾಯ್ಡ್ ಮಾತ್ರೆಗಳಲ್ಲಿ ಹತ್ತನ್ನು ಎಣಿಸಿ ಆಕೆಯ ಕೈಗಿಟ್ಟೆವು.

ಅಷ್ಟರವರೆಗೆ ಸುಮ್ಮನಿದ್ದ ಗಂಡ ಮೆಲ್ಲಗೆ ಕೇಳಿದ: "ಇವು ನಿಮ್ಮನ್ನ ನೋಡಿ ಡಾಕ್ಟರ್ ಕೊಟ್ಟಾವ್ರಿ ಫಾದರ್. ಈಕಿನ್ನ ಅವರು ನೋಡಿಲ್ಲಲ್ರಿ?"

ನಮ್ಮ ಬಳಿ ಉತ್ತರವಿರಲಿಲ್ಲ. ಮಾತ್ರೆಗಳನ್ನು ಮರಳಿ ತೆಗೆದುಕೊಂಡೆವು. ಮರುದಿನ ಊರಿಗೆ ಮರಳುವುದನ್ನು ಬಿಟ್ಟು ಅವರೊಂದಿಗೆ ಮಡಗಾಂವಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಬಾಂಬೋಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳುಹಿಸಿದರು. ಪರೀಕ್ಷೆಗಳಾದವು. ಅದು ನಮ್ಮ ಕಾಯಿಲೆಯಾಗಿರಲಿಲ್ಲ. ಕರುಳಿನ ಕ್ಷಯ.

ವೈದ್ಯರು ವಿವರಿಸಿದಾಗ ನಮ್ಮ ಕೈ ತಣ್ಣಗಾಯಿತು. ಕ್ಷಯವಿದ್ದವರಿಗೆ ಕ್ಷಯದ ಔಷಧವಿಲ್ಲದೆ ಬರೀ ಸ್ಟೆರಾಯ್ಡ್ ಕೊಟ್ಟರೆ ಆರಂಭದಲ್ಲಿ ಹಿತವೆನಿಸಿ, ಒಳಗೆ ಕ್ಷಯ ಹರಡಬಹುದು. ನಮ್ಮ ದೇಶದಲ್ಲಿ ಕರುಳಿನ ಉರಿಯೂತವನ್ನೂ ಕ್ಷಯವನ್ನೂ ಬೇರ್ಪಡಿಸುವುದು ತಜ್ಞರಿಗೇ ಕಷ್ಟದ ಕೆಲಸವಂತೆ. ಅದನ್ನು ನಾವು ಚರ್ಚಿನ ಅಂಗಳದಲ್ಲಿ ಹತ್ತು ನಿಮಿಷದಲ್ಲಿ ಮಾಡಹೊರಟಿದ್ದೆವು. ಆ ತಾಯಿ ಸರ್ಕಾರದಿಂದ ಉಚಿತವಾಗಿ ಸಿಗುವ ಔಷಧವನ್ನು ಆರು ತಿಂಗಳು ತಪ್ಪದೆ ತೆಗೆದುಕೊಂಡು ಗುಣವಾದರು. ಅವರ ಕಾಯಿಲೆ ವಾಸಿಯಾಯಿತು, ನಮ್ಮದು ನಮ್ಮೊಡನೆಯೇ ಇದೆ.

ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆ ಹದಿಹರೆಯದಿಂದಲೇ ನಮ್ಮದೇ ಕಾಯಿಲೆಯೊಂದಿಗೆ ಬದುಕಿದ್ದರು. ಅದು ಕೆರಳಿದ್ದರಿಂದ ಹುದ್ದೆ ಬಿಡುತ್ತಿರುವುದಾಗಿ 2020ರ ಆಗಸ್ಟ್‌ನಲ್ಲಿ ಎಲ್ಲರೆದುರು ಹೇಳಿದರು. ಒಂದು ದೇಶದ ಪ್ರಧಾನಿಗೆ ಇಲ್ಲದ ನಾಚಿಕೆ ನಮಗೇಕೆ?

ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆ ಯೇಸುವನ್ನು ಗುಂಪಿನ ನಡುವೆ ಕದ್ದುಮುಚ್ಚಿ ಮುಟ್ಟಿದಳು. ಪ್ರಭು ಆಕೆಯನ್ನು ಹಾಗೇ ಮರೆಯಾಗಲು ಬಿಡಲಿಲ್ಲ. ಆಕೆ ಮುಂದೆ ಬಂದು ನಡೆದುದೆಲ್ಲವನ್ನೂ ಹೇಳಿದಳು. ಈ ಭಾಗವನ್ನು ಓದುವಾಗಲೆಲ್ಲ ನಮಗೆ ಸಾವರ್ಡೆಯ ಆ ದಂಪತಿ ನೆನಪಾಗುತ್ತಾರೆ. ನಿಮ್ಮ ಮನೆಯಲ್ಲೂ ಯಾರಾದರೂ ಶೌಚಾಲಯದ ಬಾಗಿಲು ಹಾಕಿಕೊಂಡು ಇಂಥ ನೋವನ್ನು ನುಂಗುತ್ತಿರಬಹುದು. ಮೊದಲು ಅವರು ಬಾಯಿಬಿಡಲಿ. ಆಮೇಲೆ ವೈದ್ಯರ ಬಳಿ ಹೋಗಲಿ. ಜೊತೆಯಲ್ಲಿ ನೀವೂ ಹೋಗಿ. ಪ್ರಾರ್ಥನೆಯನ್ನು ಧಾರಾಳವಾಗಿ ಹಂಚಿಕೊಳ್ಳಿ, ಮಾತ್ರೆಯನ್ನು ಮಾತ್ರ ಬೇಡ.