ಎರಡನೇ ಕರೆಗೆ ಏಳುವುದು

ಕೀ ತೆಗೆದು ಡೋರ್ ಲಾಕ್ ಮಾಡಿದ ಮೇಲೆ ಕಾರು ಆಫ್ ಆಯ್ತು ಅಂತ ಎಲ್ಲರೂ ಅಂದುಕೊಂಡಿರ್ತೀವಿ. ಅದು ಪೂರ್ತಿ ಆಫ್ ಆಗಲ್ಲ, ಮಲಗುತ್ತೆ ಅಷ್ಟೇ. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ಈ ಸೆಮಿಸ್ಟರ್ ನಾವು ನಾಲ್ಕು ಜನ ರೂಮ್‌ಮೇಟ್‌ಗಳು ಒಂದು ಚಿಪ್ ನೋಡಿ ಕಲಿತೆವು. ನಾಲ್ವರೂ ಇಂಗ್ಲಿಷ್ ಮೀಡಿಯಂ. ಟ್ರಾನ್ಸೀವರ್‌ಗೆ ಕನ್ನಡ ಪದ ಏನು ಅಂತ ಮಾತ್ರ ಕೇಳಬೇಡಿ, ಹಾಗೇ ಬರೀತೀವಿ.

ಈಗಿನ ಕಾರಿನಲ್ಲಿ ಹತ್ತಾರು ಪುಟ್ಟ ಕಂಪ್ಯೂಟರ್‌ಗಳಿರುತ್ತವೆ. ಬ್ರೇಕಿಗೊಂದು, ಬಾಗಿಲಿಗೊಂದು, ಏರ್‌ಬ್ಯಾಗಿಗೊಂದು. ಇವು ಮಾತಾಡಿಕೊಳ್ಳೋದು ಕ್ಯಾನ್ ಬಸ್ ಎಂಬ ಎರಡು ತಂತಿಗಳ ಮೇಲೆ. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ವ್ಯವಸ್ಥೆ ಇದು. ಕಂಪ್ಯೂಟರಿಗೂ ತಂತಿಗೂ ನಡುವೆ ಕೂತಿರುವ ಚಿಪ್ಪೇ ಟ್ರಾನ್ಸೀವರ್. ಎರಡೂ ತಂತಿ ಸುಮಾರು 2.5 ವೋಲ್ಟ್‌ನಲ್ಲಿದ್ದರೆ ಅದು ರಿಸೆಸಿವ್. ಒಂದು 3.5ಕ್ಕೆ ಏರಿ ಇನ್ನೊಂದು 1.5ಕ್ಕೆ ಇಳಿದರೆ ಡಾಮಿನೆಂಟ್.

ಈ ಕಂಪ್ಯೂಟರ್‌ಗಳೆಲ್ಲ ರಾತ್ರಿಯಿಡೀ ಎಚ್ಚರವಿದ್ದು ಒಟ್ಟು 1 ಆಂಪಿಯರ್ ತಿಂದವು ಅಂತಿಟ್ಟುಕೊಳ್ಳಿ. 45 ಆಂಪಿಯರ್-ಅವರ್ ಬ್ಯಾಟರಿ 45 ಗಂಟೆಯಲ್ಲಿ ಖಾಲಿ. ಶುಕ್ರವಾರ ಸಂಜೆ ನಿಲ್ಲಿಸಿದ ಕಾರು ಸೋಮವಾರ ಸ್ಟಾರ್ಟ್ ಆಗಲ್ಲ. ಒಟ್ಟು 20 ಮಿಲಿಆಂಪಿಯರ್‌ಗೆ ಇಳಿಸಿದರೆ ಅದೇ ಬ್ಯಾಟರಿ ಲೆಕ್ಕದ ಪ್ರಕಾರ ಮೂರು ತಿಂಗಳು ಬರುತ್ತೆ.

ನಮ್ಮ ಲ್ಯಾಬ್ ಬೋರ್ಡಿನ ಮೇಲಿದ್ದದ್ದು ಟಿಜೆಎ1043. ಸ್ಲೀಪ್ ಮೋಡಿಗೆ ಹೋದಾಗ ಇದು ತನ್ನ ಐಎನ್‌ಎಚ್ ಪಿನ್ನನ್ನು ಬಿಟ್ಟುಬಿಡುತ್ತೆ. ಆ ಪಿನ್ ನಂಬಿಕೊಂಡಿದ್ದ ರೆಗ್ಯುಲೇಟರ್ ಆಫ್, ಅದನ್ನು ನಂಬಿಕೊಂಡಿದ್ದ ಮೈಕ್ರೋಕಂಟ್ರೋಲರೂ ಆಫ್. ಟ್ರಾನ್ಸೀವರ್ ಮಾತ್ರ ಬ್ಯಾಟರಿಯಿಂದ 20-30 ಮೈಕ್ರೋಆಂಪಿಯರ್ ತಗೊಂಡು ಬಸ್ಸಿಗೆ ಕಿವಿ ಕೊಟ್ಟು ಕೂತಿರುತ್ತೆ. ಎಲ್ಲರೂ ಮಲಗಿದಾಗ ತಂತಿಗೆ ಮಲ್ಟಿಮೀಟರ್ ಹಿಡಿದರೆ 2.5 ಹೋಗಿ ಹೆಚ್ಚುಕಮ್ಮಿ ಸೊನ್ನೆ ತೋರಿಸುತ್ತೆ. ಪ್ರಾಜೆಕ್ಟ್ ಬ್ಯಾಟರಿ ಸುಮ್ಮಸುಮ್ಮನೆ ಇಳೀತಿದ್ದರೆ ನೀವೂ ಮೊದಲು ಇದನ್ನೇ ನೋಡಿ.

ಇನ್ನು ಏಳೋದು. ಪಕ್ಕದ ರಿಲೇ ಚಟ್ ಅಂದರೂ ತಂತಿಯ ಮೇಲೆ ಒಂದು ಸದ್ದು ಬರುತ್ತೆ. ಅದಕ್ಕೆಲ್ಲ ಎದ್ದರೆ ಮಲಗಿ ಏನು ಉಪಯೋಗ? ಹಾಗಾಗಿ ಡಾಮಿನೆಂಟ್, ರಿಸೆಸಿವ್, ಮತ್ತೆ ಡಾಮಿನೆಂಟ್, ಈ ಕ್ರಮದಲ್ಲೇ ಬರಬೇಕು. ಪ್ರತಿ ಹಂತವೂ ಸ್ವಲ್ಪ ಹೊತ್ತು ನಿಲ್ಲಬೇಕು, ಎಲ್ಲ ಕೆಲವೇ ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಇದನ್ನು ಓದಿದಾಗ ನಮಗೆ ನೆನಪಾಗಿದ್ದು ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದ ಕಾಲದ ಅಜ್ಜಿಯರು. ರಾತ್ರಿ ಹೊರಗಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲನೇ ಸಲಕ್ಕೇ ‘ಓ’ ಅನ್ನಬೇಡ, ದೆವ್ವ ಒಂದೇ ಸಲ ಕೂಗೋದು ಅಂತಿದ್ದರು. ಚಿಪ್ಪಿನ ಲಾಜಿಕ್ಕೂ ಅದೇ. ಇನ್ನೊಂದು ಮಜಾ ಏನಂದ್ರೆ, ಎಬ್ಬಿಸಿದ ಮೊದಲ ಮೆಸೇಜಿನಲ್ಲಿ ಏನಿತ್ತು ಅಂತ ಮಲಗಿದ್ದ ಕಂಪ್ಯೂಟರಿಗೆ ಗೊತ್ತೇ ಆಗಲ್ಲ. ಯಾರೂ ‘ಹೂಂ’ ಅನ್ನದಿದ್ದರೆ ಕ್ಯಾನ್ ನಿಯಮದಂತೆ ಕಳಿಸಿದವರೇ ಅದನ್ನು ಮತ್ತೆ ಕಳಿಸ್ತಾರೆ.

ಇಷ್ಟೆಲ್ಲ ಬರೆಯೋಕೆ ಕಾರಣ ನಮ್ಮಲ್ಲೊಬ್ಬ. ಮೂರನೇ ಸೆಮ್‌ನಲ್ಲಿ ಅವನ ಅಪ್ಪನಿಗೆ ಹಾರ್ಟ್ ಆಪರೇಷನ್ ಆಯ್ತು. ಊರಲ್ಲಿ ನೋಡಿಕೊಳ್ಳೋಕೆ ಅಮ್ಮ ಒಬ್ಬರೇ. ಅವತ್ತಿನಿಂದ ಇವನು ಫೋನನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗೋದು. ಕ್ಲಾಸ್ ಗ್ರೂಪಿನಲ್ಲಿ ಯಾರೋ ಮೀಮ್ ಹಾಕಿದರೂ ಧಡಕ್ಕನೆ ಎದ್ದು ಕೂರ್ತಿದ್ದ. ಅವನು ಎದ್ದರೆ ನಾವೂ ಏಳ್ತಿದ್ದೆವು. ಒಂದು ದಿನ ಲ್ಯಾಬಿನಲ್ಲಿ ಬಿಸಿ ಸೋಲ್ಡರಿಂಗ್ ಐರನ್ ಹಿಡಿದುಕೊಂಡೇ ತೂಕಡಿಸಿದ. ಕೈ ಸುಡೋ ಮುಂಚೆ ಪಕ್ಕದಲ್ಲಿದ್ದವರು ಕಿತ್ತುಕೊಂಡೆವು.

ರಾತ್ರಿ ಫೋನ್ ಆಫ್ ಮಾಡು ಅಂತ ಎಲ್ಲರೂ ಹೇಳ್ತಿದ್ದರು. ಅವನಿಗೆ ಸಿಟ್ಟು ಬರ್ತಿತ್ತು, ನಮಗೆ ಯಾಕೆ ಅಂತ ಅರ್ಥ ಆಗ್ತಿರಲಿಲ್ಲ. ಚಿಪ್ ಓದಿದ ಮೇಲೆ ಅರ್ಥ ಆಯ್ತು. ಆಫ್ ಆದವರಿಗೆ ಕಿವಿ ಇರಲ್ಲ.

2013ರಲ್ಲಿ ಬಂದ ಐಎಸ್‌ಒ 11898-6 ಸ್ಟ್ಯಾಂಡರ್ಡಿನಲ್ಲಿ ಸೆಲೆಕ್ಟಿವ್ ವೇಕಪ್ ಅಂತ ಇದೆ. ಬಸ್ಸಿನಲ್ಲಿ ಯಾರು ಏನೇ ಮಾತಾಡಲಿ, ತನಗೆ ಗೊತ್ತುಮಾಡಿದ ಮೆಸೇಜ್ ಬಂದರೆ ಮಾತ್ರ ಟ್ರಾನ್ಸೀವರ್ ತನ್ನ ಕಂಪ್ಯೂಟರನ್ನು ಎಬ್ಬಿಸುತ್ತೆ. ಅವನ ಫೋನಿಗೂ ಅದನ್ನೇ ಮಾಡಿದೆವು. ರಾತ್ರಿ ಹನ್ನೊಂದರ ಮೇಲೆ ಡು ನಾಟ್ ಡಿಸ್ಟರ್ಬ್, ಅಮ್ಮನ ನಂಬರಿಗೆ ಮಾತ್ರ ಬಾಗಿಲು ತೆರೆದಿರಲಿ. ಆಸ್ಪತ್ರೆಯಿಂದಲೋ ಪಕ್ಕದ ಮನೆಯವರ ಫೋನಿಂದಲೋ ಬಂದರೆ? ಅದಕ್ಕೂ ದಾರಿ ಇದೆ. ಆಂಡ್ರಾಯ್ಡ್‌ನಲ್ಲಿ ರಿಪೀಟ್ ಕಾಲರ್ಸ್ ಆನ್ ಮಾಡಿದರೆ, ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಬಂದ ಕರೆ ರಿಂಗ್ ಆಗುತ್ತೆ. ಅಜ್ಜಿಯರ ರೂಲೇ!

ಅವನು ಅಮ್ಮನಿಗೆ ಫೋನ್ ಮಾಡಿ, “ಬೇರೆ ಯಾರದಾದ್ರೂ ಫೋನಿಂದ ಮಾಡಿದ್ರೆ ಎರಡು ಸಲ ಮಾಡಮ್ಮ, ಎದ್ದೇಳ್ತೀನಿ” ಅಂದ. ಅವರು, “ನೀನು ಮೊದಲು ನಿದ್ದೆ ಮಾಡಪ್ಪ” ಅಂದರಂತೆ.

ಮೊದಲ ರಾತ್ರಿ ನಂಬಿಕೆ ಬರದೆ ಎರಡು ಸಲ ಎದ್ದು ಸೆಟ್ಟಿಂಗ್ ನೋಡಿದ. ನಾಲ್ಕನೇ ರಾತ್ರಿ ಗೊರಕೆ ಹೊಡೆದ, ನಾವು ಮೂವರು ಬೈಕೊಂಡು ಮಲಗಿದೆವು. ಅವರಪ್ಪ ಈಗ ಬೆಳಿಗ್ಗೆ ಹಾಲಿನ ಡೇರಿವರೆಗೆ ನಡೆದು ಹೋಗಿ ಬರ್ತಾರೆ. ರಾತ್ರಿಯ ಎರಡನೇ ಕರೆ ಇದುವರೆಗೂ ಬಂದಿಲ್ಲ.