ಜಿಪ್ಸಿ, ಎರೆ ಹೊಲ ಮತ್ತು ಐದು ಇಂಚು

ಬಹಳ ದಿನಗಳಾದವು ಇಲ್ಲಿ ಏನೂ ಬರೆಯದೆ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಕೈತುಂಬಾ ಗ್ರೀಸು ಮೆತ್ತಿಕೊಂಡವನು ಕೀಲಿಮಣೆ ಮುಟ್ಟೋದು ಹೇಗೆ ಹೇಳಿ? :-) ಈ ಸಲ ಕಥೆ ಕವಿತೆ ಏನಿಲ್ಲ, ಗಾಡಿ ವಿಷಯ. ಗಾಡಿ ಅಂದರೆ ಆಗದವರು ಈಗಲೇ ಎದ್ದು ಹೋಗಬಹುದು, ಬೇಜಾರಿಲ್ಲ.

ನಮ್ಮೂರು ಬಾಗಲವಾಡ, ಮಾನ್ವಿ ಸೀಮೆ. ಈ ಕಡೆ ಬಂದವರಿಗೆ ಎರೆ ಭೂಮಿ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಅದೇ ನೆಲ ಉಬ್ಬಿ ಬೆಣ್ಣೆ. ಬರೀ ಕಾಲಲ್ಲಿ ಹತ್ತು ಹೆಜ್ಜೆ ನಡೆದರೆ ಒಂದೊಂದು ಕಾಲಿಗೂ ಎರಡು ಸೇರು ಮಣ್ಣು. ಚಪ್ಪಲಿ ಹಾಕಿದ್ದರೆ ಚಪ್ಪಲಿ ಅಲ್ಲೇ, ನೀವು ಮಾತ್ರ ಮುಂದೆ. ನೀರಾವರಿ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕಿ ರಾಡಿಯಲ್ಲಿ ಇಳಿಸುತ್ತಾರೆ. ಅದೇ ಕಬ್ಬಿಣದ ಗಾಲಿಯಲ್ಲಿ ಡಾಂಬರು ರಸ್ತೆಗೂ ಬಂದು ರಸ್ತೆ ಕಿತ್ತು ಹಾಕುತ್ತಾರೆ, ಅದು ಬೇರೆ ಜಗಳ. ನಮ್ಮದು ಮಳೆಯನ್ನು ನಂಬಿದ ಹೊಲ: ತೊಗರಿ, ಹತ್ತಿ, ಒಂದಿಷ್ಟು ಜೋಳ. ಊರಿಂದ ಎರಡು ಮೈಲಿ ದೂರ, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಅಲ್ಲಿಗೆ ಮುಟ್ಟುವುದೇ ಒಂದು ಕೆಲಸ.

ಅದಕ್ಕೇ ನಮ್ಮ ಮನೆಯಲ್ಲೊಂದು ಮಾರುತಿ ಜಿಪ್ಸಿ ಇದೆ. 2003ರ ಜಿಪ್ಸಿ ಕಿಂಗ್, ಮೇಲೆ ಕ್ಯಾನ್ವಾಸಿನ ಹೊದಿಕೆ. ಹೊಸಬರಿಗಾಗಿ ಸ್ವಲ್ಪ ಪುರಾಣ: ಜಪಾನಿನ ಸುಜುಕಿ ಎಸ್‌ಜೆ 410 ನಮ್ಮಲ್ಲಿ ಜಿಪ್ಸಿ ಅನ್ನೋ ಹೆಸರಲ್ಲಿ ಬಂದದ್ದು 1985ರ ಕೊನೆಗೆ, 970 ಸಿಸಿ ಎಂಜಿನ್ನು, ನಾಲ್ಕೇ ಗೇರು. 1993ರಲ್ಲಿ ಗಾಲಿಗಳ ನಡುವಿನ ಅಂತರವನ್ನು 90 ಮಿ.ಮೀ. ಹೆಚ್ಚಿಸಿದರು. 1996ರಲ್ಲಿ 1.3 ಲೀಟರಿನ ಎಂಜಿನ್ನು ಮತ್ತು ಐದು ಗೇರಿನ ಕಿಂಗ್ ಬಂತು. 2000ದಲ್ಲಿ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂತು, ಶಕ್ತಿ 80 ಕುದುರೆಗೆ ಏರಿತು. 2019ರ ಹೊತ್ತಿಗೆ ಜನಸಾಮಾನ್ಯರಿಗೆ ಮಾರುವುದು ನಿಂತಿತು. 33 ವರ್ಷದಲ್ಲಿ ಬದಲಾಗದೇ ಉಳಿದದ್ದು ಅಂದರೆ ಏಣಿಯಂಥ ಚಾಸಿ, ಎರಡು ಗಟ್ಟಿ ಹೌಸಿಂಗು, ಮತ್ತು ಎತ್ತಿನ ಗಾಡಿಗೆ ಅಣ್ಣತಮ್ಮ ಅನ್ನಿಸುವ ಕಮಾನ್ ಪಟ್ಟಿ. ಕೂತವರ ಸೊಂಟಕ್ಕೆ ಅದರ ಪರಿಚಯ ಚೆನ್ನಾಗಿ ಇರುತ್ತದೆ.

ಈಗ ನನ್ನ ತಮ್ಮನ ವಿಷಯ. ಅವನು ಫೋನಿನಲ್ಲಿ ಅಮೆರಿಕದವರ, ಕೇರಳದವರ ವಿಡಿಯೋ ನೋಡಿ ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದ. ಜಿಪ್ಸಿಯಲ್ಲಿ ಕಮಾನು ಹೌಸಿಂಗಿನ ಕೆಳಗೆ ಕೂತಿರುತ್ತದೆ. ಅದನ್ನು ಕಿತ್ತು ಮೇಲೆ ಕೂರಿಸಿದರೆ ಗಾಡಿ ಸುಮಾರು ಐದು ಇಂಚು ಎತ್ತರ ಆಗುತ್ತದೆ. ಹೊಸ ಸಾಮಾನೇನೂ ಹೆಚ್ಚು ಬೇಡ, ಹೌಸಿಂಗಿನ ಮೇಲೆ ಹೊಸ ಕೂರು ವೆಲ್ಡ್ ಮಾಡಿದರೆ ಆಯಿತು. ಆಮೇಲೆ 235/75 ಅಳತೆಯ 15 ಇಂಚಿನ ಟೈರು. ಹಿಂದಿನ ಡಿಫರೆನ್ಷಿಯಲ್ಲಿಗೆ ಒಳಗೇ ವೆಲ್ಡಿಂಗ್ ಹಾಕಿ ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಮಾಡೋದು. "ಯಣ್ಣಾ, ಹಳ್ಳ ಅಲ್ಲ, ಕೃಷ್ಣಾ ನದೀನೇ ದಾಟಸ್ತೀನಿ ನೋಡು" ಅಂದ.

ನಾನು ಬೇಡ ಅನ್ನಲಿಲ್ಲ. ಹಾಳೆ ಪೆನ್ನು ತಗೊಂಡು ಕೂತುಕೋ ಅಂದೆ.

ಮೊದಲು ಟೈರು. ಕಂಪನಿ ಕೊಟ್ಟದ್ದು 205/70 ಆರ್ 15. ಅದರ ಎತ್ತರ ಲೆಕ್ಕ ಹಾಕಿದರೆ 668 ಮಿ.ಮೀ. ಇವನು ಹೇಳೋ ಟೈರಿಂದು 733. ಹತ್ತು ಪರ್ಸೆಂಟು ಹತ್ತಿರ ದೊಡ್ಡದು. ಅಂದರೆ ಗಾಲಿ ಒಂದು ಸುತ್ತು ತಿರುಗಿದರೆ ಹತ್ತು ಪರ್ಸೆಂಟು ಹೆಚ್ಚು ದೂರ ಹೋಗುತ್ತದೆ, ಅಷ್ಟೇ ಪ್ರಮಾಣದಲ್ಲಿ ಎಳೆಯುವ ಬಲ ಕಡಿಮೆ. ಸ್ಪೀಡೋಮೀಟರು 60 ತೋರಿಸಿದರೆ ನಿಜವಾಗಿ 66ರಲ್ಲಿ ಹೋಗುತ್ತಿರುತ್ತೀರಿ. ಅದಕ್ಕೂ ಅವನ ಹತ್ತಿರ ಉತ್ತರ ಇತ್ತು, ಒಳ್ಳೆಯ ಉತ್ತರವೇ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟು, ಆಮೇಲೆ ಪ್ರತ್ಯೇಕವಾಗಿ ಚಾಸಿಗೆ ತೂಗುಹಾಕಿದ ಕೇಸು. ಬಿಚ್ಚುವುದು ಸುಲಭ. ಕಿಂಗ್‌ನ ಕೇಸಿನಲ್ಲಿ ಹೈ 1.409, ಲೋ 2.268. ಹಳೇ 410ರ ಕೇಸಿನಲ್ಲಿ ಹೈ 1.580, ಲೋ 2.511. ಭಾಗಿಸಿ ನೋಡಿ, ಹೈನಲ್ಲಿ 12, ಲೋನಲ್ಲಿ 11 ಪರ್ಸೆಂಟು ಬಿಗಿ. ದೊಡ್ಡ ಟೈರು ಕಸಿದುಕೊಂಡದ್ದನ್ನು ಹಳೇ ಗೇರು ವಾಪಸ್ ಕೊಡುತ್ತದೆ, ಮೇಲೆ ಒಂದಿಷ್ಟು ಕೊಸರು! ಅವನು ಆಗಲೇ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ 410ರ ಗೇರು ಸೆಟ್ಟು ತರಿಸಿ ಇಟ್ಟುಕೊಂಡಿದ್ದ. ಪಿಯುಸಿ ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಇವನೇನಾ ಅನ್ನಿಸಿತು.

ಆದರೆ ಎತ್ತರದ ವಿಷಯದಲ್ಲಿ ಒಂದು ಮಾತು ವಿಡಿಯೋದವರು ಅಷ್ಟಾಗಿ ಹೇಳುವುದಿಲ್ಲ. ಕಮಾನು ಮೇಲೆ ಹೋದರೆ ಏರುವುದು ಚಾಸಿ ಮತ್ತು ಬಾಡಿ. ಡಿಫರೆನ್ಷಿಯಲ್ಲಿನ ಗಡ್ಡೆ ಎಲ್ಲಿತ್ತೋ ಅಲ್ಲೇ. ಅದನ್ನು ಏರಿಸುವುದು ಟೈರು ಮಾತ್ರ, ಅದೂ ಹೆಚ್ಚಿದ ಎತ್ತರದ ಅರ್ಧದಷ್ಟು, ಅಂದರೆ 33 ಮಿ.ಮೀ. ಆಸುಪಾಸು. ರಾಡಿಯಲ್ಲಿ ಮೊದಲು ಹೂತು ನೇಗಿಲಿನ ಹಾಗೆ ನೆಲ ಸೀಳುವುದು ಆ ಗಡ್ಡೆಯೇ.

ಇನ್ನು ಐದು ಇಂಚು ಏರಿದ ಮೇಲೆ ಏನೇನಾಗುತ್ತದೆ ನೋಡಿ. ಹಿಂದಿನ ಪ್ರೊಪೆಲ್ಲರ್ ಶಾಫ್ಟು ಮೊದಲೇ ಗಿಡ್ಡ, ಈಗ ಕಡಿದಾದ ಕೋನದಲ್ಲಿ ಇಳಿಯಬೇಕು, ಕ್ರಾಸ್‌ಗಳು ಬೇಗ ಸವೆಯುತ್ತವೆ. ಪಿನಿಯನ್ ಮೂತಿಯನ್ನು ಮೇಲೆತ್ತಿ ಹೌಸಿಂಗು ತಿರುಗಿಸಿ ಕೂರಿಸಬೇಕು. ಆಕ್ಸಿಲರೇಟರ್ ಒತ್ತಿದಾಗ ಹೌಸಿಂಗು ತಾನೇ ತಿರುಗಲು ನೋಡುತ್ತದೆ, ಕಮಾನು ಮೇಲಿದ್ದಾಗ ಆ ತಿರುಚು ಹೆಚ್ಚಾಗಿ ಪಟ್ಟಿ ಹಾವಿನಂತೆ ಬಾಗುತ್ತದೆ. ಬ್ರೇಕ್ ಹೋಸು ಎಳೆದು ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸ್ಟೀರಿಂಗು. ಸ್ಟೀರಿಂಗ್ ಬಾಕ್ಸು ಚಾಸಿಯ ಜೊತೆ ಮೇಲೆ ಹೋಯಿತು, ಗಾಲಿ ಕೆಳಗೇ ಉಳಿಯಿತು, ನಡುವಿನ ರಾಡು ಇಳಿಜಾರಾಗಿ ನಿಂತಿತು. ಗುಂಡಿಯಲ್ಲಿ ಗಾಲಿ ಮೇಲೆ ಕೆಳಗೆ ಆದಾಗೆಲ್ಲ ನೀವು ಕೈ ಆಡಿಸದೇನೇ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಹೊಲದಲ್ಲಿ ಹತ್ತರ ವೇಗದಲ್ಲಿ ಇದು ತಮಾಷೆ. ಲಿಂಗಸೂಗೂರು ರಸ್ತೆಯಲ್ಲಿ ಎದುರಿಗೆ ಹತ್ತಿ ತುಂಬಿದ ಲಾರಿ ಬರುವಾಗ ತಮಾಷೆ ಅಲ್ಲ. ಇದೆಲ್ಲಕ್ಕೂ ಪರಿಹಾರ ಇದೆ, ಇಲ್ಲ ಅಂತಲ್ಲ. ಆದರೆ ಒಂದೊಂದು ಪರಿಹಾರವೂ ಇನ್ನೊಂದು ಕೆಲಸವನ್ನು ಎಳೆದು ತರುತ್ತದೆ, ಅಷ್ಟು ನಾಜೂಕಾಗಿ ಮಾಡುವ ಕೈಗಳು ನಮ್ಮ ಸುತ್ತಮುತ್ತ ಕಡಿಮೆ.

ಕಾನೂನಿನ ಮಾತೂ ಇದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಿಡಿದು, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಅಂತ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ದಂಡ ಹೋಗಲಿ ಬಿಡಿ. ಅಪಘಾತ ಆಗಿ ವಿಮೆಯವರು ಗಾಡಿ ಕೆಳಗೆ ಬಗ್ಗಿ ನೋಡಿ "ಇದು ನಾವು ವಿಮೆ ಮಾಡಿದ ಗಾಡಿ ಅಲ್ಲ" ಅಂದರೆ? 15 ವರ್ಷ ದಾಟಿದ ಗಾಡಿ ನಮ್ಮದು, ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಿಸಿ ಆರ್‌ಸಿ ನವೀಕರಿಸಬೇಕು. ಆ ಒಂದು ಕಾಗದ ಹೋದರೆ ಗಾಡಿ ಕೋಳಿಗೂಡು.

ತಮ್ಮ ಇದ್ಯಾವುದಕ್ಕೂ ಬಗ್ಗಲಿಲ್ಲ. "ನಮ್ಮೂರಾಗ ಯಾರು ಬಗ್ಗಿ ನೋಡ್ತಾರ" ಅನ್ನೋದು ಅವನ ವಾದ. ಅವನನ್ನು ಬಗ್ಗಿಸಿದ್ದು ಅವ್ವ.

ಅವ್ವನಿಗೆ 72. ಮಂಡಿ ನೋವು. ಆದರೆ ಹೊಲಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಅಪ್ಪ ಹೋದ ಮೇಲಂತೂ ವಾರಕ್ಕೆರಡು ಸಲ ಹೋಗಿ ತೊಗರಿ ಸಾಲಿನ ನಡುವೆ ನಿಂತು ಬರದಿದ್ದರೆ ಅವಳಿಗೆ ಊಟ ಇಳಿಯುವುದಿಲ್ಲ. ಮಳೆಗಾಲದ ಮೂರು ತಿಂಗಳು ಅವಳನ್ನು ಅಲ್ಲಿ ಮುಟ್ಟಿಸುವುದು ಈ ಜಿಪ್ಸಿ ಒಂದೇ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರಿಸಲು ನಮಗೆ ಧೈರ್ಯ ಇಲ್ಲ. ಇಬ್ಬರೂ ಸೇರಿ ಒಂದು ಪರೀಕ್ಷೆ ಮಾಡಿದೆವು. ಅಂಗಳದಲ್ಲಿ ಮನೆ ಕಟ್ಟುವಾಗ ಉಳಿದ ಶಹಾಬಾದ ಫರಸಿ ಬಿದ್ದಿದ್ದವು. ನಾಲ್ಕೂ ಗಾಲಿಯ ಕೆಳಗೆ ಐದಿಂಚು ಎತ್ತರಕ್ಕೆ ಫರಸಿ ಪೇರಿಸಿ ಗಾಡಿ ಹತ್ತಿಸಿ ನಿಲ್ಲಿಸಿದೆವು. ತಮ್ಮನೇ ಕರೆದ, "ಯವ್ವಾ, ಹತ್ತು ನೋಡೂಣು."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಲೆತ್ತಿದಳು. ಮುಟ್ಟಲಿಲ್ಲ. ಬಾಗಿಲ ಕಂಬಿ ಹಿಡಿದು ಇನ್ನೊಮ್ಮೆ ಎತ್ತಿದಳು. ಆಮೇಲೆ ಕಾಲು ಕೆಳಗಿಟ್ಟು ನಮ್ಮಿಬ್ಬರ ಮುಖ ನೋಡಿ, "ಇದೇನು ಅಂಬಾರಿ ಏನಪಾ? ನನ್ನ ಬಿಟ್ಟು ಹೊಲಕ್ಕ ಹೋಗೂ ವಿಚಾರ ಇದ್ರ ಬಾಯಿ ಬಿಟ್ಟು ಹೇಳ್ರಿ" ಅಂದು ಒಳಗೆ ಹೋದಳು. ತಮ್ಮ ಮಾತಾಡದೆ ಫರಸಿ ತೆಗೆಯೋಕೆ ಶುರು ಮಾಡಿದ. ಮೆಟ್ಟಿಲು ಹಾಕಿಸೋಣ ಅಂತ ನಾನೇ ಅಂದೆ, ಅವನು ಬೇಡ ಅಂದ.

ಹಾಗಂತ ಏನೂ ಮಾಡದೆ ಬಿಟ್ಟೆವು ಅಂದುಕೊಳ್ಳಬೇಡಿ.

ನಮ್ಮ ಗಾಡಿಯ ಕಮಾನು ಇಪ್ಪತ್ತು ವರ್ಷದಲ್ಲಿ ನೆಟ್ಟಗಾಗಿ ಹೋಗಿತ್ತು. ಹಿಂದಿನ ಮಾಲೀಕ ಚೀಲ ಹೇರಲು ಹಿಂದೆ ಒಂದೊಂದು ಪಟ್ಟಿ ಹೆಚ್ಚಿಗೆ ಹಾಕಿಸಿದ್ದ. ಹೊರೆ ತಡೆಯುತ್ತದೆ ನಿಜ, ಆದರೆ ಗಾಲಿ ಇಳಿಯುವುದಿಲ್ಲ. ಬದು ದಾಟುವಾಗ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಡಿಫರೆನ್ಷಿಯಲ್ಲಿನ ಸ್ವಭಾವ ಗೊತ್ತಲ್ಲ, ಎರಡೂ ಗಾಲಿಗೆ ಸಮ ಬಲ. ಒಂದಕ್ಕೆ ಹಿಡಿತ ಇಲ್ಲ ಅಂದರೆ ಇನ್ನೊಂದಕ್ಕೂ ಅಷ್ಟೇ ಸಿಗುವುದು. ಗಾಳಿಯಲ್ಲಿರುವ ಗಾಲಿ ಗಿರ್ರನೆ ತಿರುಗುತ್ತದೆ, ನೆಲದ ಮೇಲಿರುವುದು ಸುಮ್ಮನೆ ನಿಂತು ನೋಡುತ್ತದೆ. ರಾಯಚೂರಿನ ಕಮಾನು ಕೆಲಸದ ಮಿಸ್ತ್ರಿ ಒಬ್ಬರು ಹೆಚ್ಚಿನ ಪಟ್ಟಿ ತೆಗೆದು, ಉಳಿದವನ್ನು ಒಂದೊಂದಾಗಿ ಬಾಗಿಸಿ ಹದ ಮಾಡಿ, ಹೊಸ ಬುಷ್, ಸೆಂಟರ್ ಬೋಲ್ಟ್, ಯು ಬೋಲ್ಟ್ ಹಾಕಿ ಕಟ್ಟಿಕೊಟ್ಟರು. ಹೊಸ ಶಾಕ್ ಅಬ್ಸಾರ್ಬರು, ಕಂಪನಿ ಉದ್ದದ್ದೇ. ಗಾಡಿ ಒಂದೂವರೆ ಇಂಚು ಎದ್ದು ನಿಂತಿತು. ಇದನ್ನು ಮಾರ್ಪಾಡು ಅನ್ನೋ ಹಾಗಿಲ್ಲ, ತನ್ನ ಎತ್ತರಕ್ಕೆ ತಾನು ವಾಪಸ್ ಬಂತು ಅಷ್ಟೇ.

ಟೈರು ಅದೇ ಅಳತೆ, ಕಚ್ಚು ಮಾತ್ರ ಆಳ ಮತ್ತು ಅಗಲ. ಎರೆ ಮಣ್ಣಿಗೆ ಸಣ್ಣ ಕಚ್ಚಿನ ಟೈರು ಹಾಕಿದರೆ ಎರಡು ಸುತ್ತಿಗೆ ಸಂದೆಲ್ಲ ತುಂಬಿ ಬೋಳು ಉಂಡೆಯಾಗುತ್ತದೆ. ಇಲ್ಲಿ ನನ್ನದೊಂದು ತಕರಾರು. ಈ ವಿಡಿಯೋಗಳ ಮಾರ್ಪಾಡೆಲ್ಲ ಬಂಡೆಗಾಗಿ ಹುಟ್ಟಿದ್ದು. ಕೊಡಚಾದ್ರಿಗೆ ಜನ ಹೊತ್ತು ಹತ್ತುವ ಜೀಪುಗಳಿಗೆ ಕಲ್ಲಿನ ದಾರಿ, ಅಲ್ಲಿ ಎತ್ತರ ಬೇಕು, ಬಿಗಿ ಗೇರು ಬೇಕು. ನಮ್ಮ ಎರೆಗೆ ತಳವೇ ಇಲ್ಲ. ಇಲ್ಲಿ ತೇಲಬೇಕು. ಜಿಪ್ಸಿಯ ತೂಕ ಒಂದು ಟನ್ನಿನ ಆಸುಪಾಸು, ಅದೇ ಅದರ ದೊಡ್ಡ ಗುಣ. ಹೊಲದ ದಾರಿ ಹಿಡಿಯುವ ಮುಂಚೆ ಗಾಳಿಯನ್ನು 16 ಪಿಎಸ್‌ಐಗೆ ಇಳಿಸುತ್ತೇವೆ, ಟೈರು ಒಂಟೆಯ ಪಾದದ ಹಾಗೆ ಅಗಲವಾಗುತ್ತದೆ. ಡಾಂಬರಿಗೆ ಬರುವ ಮೊದಲು ಸಿಗರೇಟ್ ಲೈಟರಿಗೆ ಸಿಕ್ಕಿಸುವ ಪುಟ್ಟ ಪಂಪಿನಿಂದ ಮತ್ತೆ ತುಂಬುತ್ತೇವೆ. ಐದು ಇಂಚು ಎತ್ತರ ಕೊಡುತ್ತಿತ್ತು ಅಂದುಕೊಂಡದ್ದರಲ್ಲಿ ಬಹುಪಾಲು ಈ ಪುಕ್ಕಟೆ ಕೆಲಸವೇ ಕೊಟ್ಟಿದೆ. ಒಂದು ಗಾಲಿ ತಿರುಗಿ ನಿಂತರೆ ಆಕ್ಸಿಲರೇಟರ್ ಜೊತೆಗೆ ಬ್ರೇಕನ್ನು ತುಸುವೇ ಒತ್ತಿದರೆ ಎಷ್ಟೋ ಸಲ ಇನ್ನೊಂದು ಗಾಲಿ ಎಚ್ಚರಾಗುತ್ತದೆ.

ಇನ್ನೊಂದು ಚಿಕ್ಕ ಕೆಲಸ, ಹಳ್ಳ ದಾಟುವವರೆಲ್ಲ ಮಾಡಿಸಿಕೊಳ್ಳಿ. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಉಸಿರುಗೊಳವೆಯಿಂದ ನೀರು ಹೀರಿಕೊಳ್ಳುತ್ತದೆ. ಕೆಲವೇ ದಿನದಲ್ಲಿ ಗೇರ್ ಎಣ್ಣೆ ಹಾಲು ಹಾಕಿದ ಚಹಾ. ಆ ಉಸಿರುಗೊಳವೆಗೆ ರಬ್ಬರ್ ಪೈಪು ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ತಂದು ಕಟ್ಟಿದೆವು. ಇನ್ನೂರು ರೂಪಾಯಿ ಖರ್ಚಾಗಿರಬಹುದು.

ಈ ಮುಂಗಾರಿನಲ್ಲಿ ಹತ್ತಾರು ಸಲ ಹೋಗಿ ಬಂದಿದ್ದೇವೆ. ಎರಡು ಸಲ ಹೂತಿತು, ಒಂದು ಸಲ ಪಕ್ಕದ ಹೊಲದ ಮಾವನ ಟ್ರ್ಯಾಕ್ಟರು ಎಳೆಯಿತು. ಅವ್ವ ಗಾಡಿಯಿಂದ ಇಳಿಯದೆ ಕೂತು ಇಬ್ಬರು ಡ್ರೈವರುಗಳಿಗೂ ಬುದ್ಧಿ ಹೇಳಿದಳು.

410ರ ಗೇರು ಸೆಟ್ಟು ಮಾತ್ರ ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಗೋಣಿಚೀಲದಲ್ಲಿ ಕಟ್ಟಿ, ಜೋಳದ ಚೀಲದ ಪಕ್ಕ ಇಟ್ಟಿದೆ. ತಮ್ಮ ಆಗಾಗ ಬಿಚ್ಚಿ ನೋಡಿ ಮತ್ತೆ ಕಟ್ಟಿಡುತ್ತಾನೆ. "ಇದು ಹೊರಗ ಕಾಣಂಗಿಲ್ಲಲ್ಲ ಯಣ್ಣಾ" ಅಂತ ಮೊನ್ನೆಯೂ ಕೇಳಿದ. ನಾನಿನ್ನೂ ಏನೂ ಹೇಳಿಲ್ಲ.